ಒದ್ದೆ ಬಲ್ಬಿನ ಬಟ್ಟೆ

ಗೆಳೆಯಾ ಬಸವಣ್ಣೆಪ್ಪಾ,

ನೀನಿದ್ದಾಗ ಊಟದ ಗಂಟೆ ಹೊಡೆದ ಕೂಡಲೇ ಮರ ಒಣಗಿಸುವ ಕಿಲ್ನಿನ ಹಿಂಭಾಗದ ಕಲ್ಲಿನ ಮೇಲೆ ಟವೆಲ್ ಹಾಸಿ ನನಗೆ ಜಾಗ ಹಿಡಿಯುತ್ತಿದ್ದೆ, ನೆನಪಿದೆಯಾ? ಆ ಕಲ್ಲಿಗೆ ಪೈಪೋಟಿ ಮಾಡುವವರು ಯಾರೂ ಇರಲಿಲ್ಲ, ಆದರೂ ಹಿಡಿಯುತ್ತಿದ್ದೆ. ಈಗ ಇಡೀ ಕಲ್ಲು ನನ್ನದೇ. ಕಾಲು ಚಾಚಿ ಕೂರಬಹುದು, ಬೇಕಾದರೆ ಮಲಗಲೂಬಹುದು. ಡಬ್ಬಿ ಬಿಚ್ಚುತ್ತೇನೆ, ನಾಲ್ಕು ತುತ್ತು ತಿನ್ನುತ್ತೇನೆ, ಮುಚ್ಚುತ್ತೇನೆ. ಇವತ್ತು ಡಬ್ಬಿಯ ಬದಲು ಕಾಗದ ತೆಗೆದುಕೊಂಡು ಕೂತಿದ್ದೇನೆ. ನೀನು ಓದುವುದಿಲ್ಲ ಎಂದು ಗೊತ್ತು. ಬದುಕಿದ್ದಾಗಲೇ ನೀನು ಕಾಗದ ಓದುವವನಲ್ಲ. ಊರಿಂದ ಬಂದ ಇನ್‌ಲ್ಯಾಂಡ್ ಪತ್ರವನ್ನೂ ಕನ್ನಡಕ ಮರೆತೆ ಎಂದು ನೆಪ ಹೇಳಿ ನನ್ನಿಂದಲೇ ಓದಿಸಿ ಕೇಳುತ್ತಿದ್ದೆ. ಆದರೂ ಈ ಸುದ್ದಿಯನ್ನು ನಿನಗೆ ಹೇಳದೆ ಬೇರೆ ಯಾರಿಗೆ ಹೇಳಲಿ?

ನಾನು ಈ ಪೆರಂಬೂರಿನ ಮರದ ಕಾರ್ಖಾನೆಗೆ ಎಲೆಕ್ಟ್ರೀಷಿಯನ್ ಆಗಿ ಸೇರಿದ ಹೊಸತು. ಎಪ್ಪತ್ತರ ದಶಕದ ನಡುವಿನ ಮಾತು. ಗರಗಸದ ಶೆಡ್ಡಿನಲ್ಲಿ ಮೋಟರು ಬಿಚ್ಚಿಕೊಂಡು ಕೂತಿದ್ದಾಗ ಗೋಡೆಯಾಚೆ ಯಾರೋ ಯಾರನ್ನೋ ಬೈಯುವುದು ಕೇಳಿಸಿತು. "ಏನಲೇ ಮಗನ, ಎಷ್ಟ ಸೊಕ್ಕ ನಿನಗ? ನಿನ್ನೆ ಚಲೋ ಇದ್ದೆಲ್ಲಾ, ಇವತ್ತೇನ್ ಧಾಡಿ ಬಂತು?" ಮದರಾಸಿಗೆ ಬಂದಮೇಲೆ ಮನೆಯ ಹೊರಗೆ ಕನ್ನಡ ಕೇಳಿದ್ದು ಅದೇ ಮೊದಲು. ಸ್ಪ್ಯಾನರ್ ಕೈಯಲ್ಲಿ ಹಿಡಿದೇ ಓಡಿ ಬಂದೆ. ನೋಡಿದರೆ ಹಣೆ ತುಂಬ ವಿಭೂತಿ ಬಳಿದ ಒಬ್ಬ ದಪ್ಪ ಮನುಷ್ಯ, ಎದುರಿಗೆ ಒಂದು ಕಂಪ್ರೆಸರ್. ಬೈಸಿಕೊಳ್ಳುತ್ತಿದ್ದವನು ಆ ಕಂಪ್ರೆಸರ್! "ತಮಿಳಿನ್ಯಾಗ ಬೈದ್ರ ಇದಕ್ಕ ನಾಟಂಗಿಲ್ರೀ" ಎಂದು ನೀನು ಬಲು ಗಂಭೀರವಾಗಿ ವಿವರಿಸಿದೆ. "ಯಾವೂರು ನಿಮ್ದು?" ಎಂದೆ. "ಗದಗ. ನಿಮ್ದು?" "ನಂಜನಗೂಡು." ನೀನು ಜೋರಾಗಿ ನಕ್ಕೆ. "ಅದಕ್ಕ ಮತ್ತ! ಬಾಳೆಹಣ್ಣ ತಿಂದ ನಾಲಿಗಿ, ಎಷ್ಟ ಮೆತ್ತಗ ಮಾತಾಡ್ತೀರಿ!" ಅಂದೇ ನಾನು ನಿನ್ನ ಕಲ್ಲಿಗೆ ಬಂದು ಕೂತೆ.

ಆ ಯಂತ್ರದ ಎದುರು ನನ್ನನ್ನು ನಿಲ್ಲಿಸಿ ನೀನು ಪಾಠ ಹೇಳಿದ ದಿನವೂ ಕಣ್ಣಿಗೆ ಕಟ್ಟಿದ ಹಾಗಿದೆ. ಮರ ಒಣಗಿಸುವುದೆಂದರೆ ಬೆಂಕಿ, ಹಬೆ, ಬಾಯ್ಲರ್ ಎಂದು ತಿಳಿದಿದ್ದವನು ನಾನು. ನಮ್ಮದರಲ್ಲಿ ಬೆಂಕಿಯೇ ಇಲ್ಲ. ಯಾವುದೋ ದೇಶದಲ್ಲಿ ಹಳೆಯದಾಗಿ, ಹಡಗು ಹತ್ತಿ ಬಂದ ಯಂತ್ರ. ಫ್ರಿಜ್‌ನಲ್ಲಿರುವಂಥದೇ ಆಟ: ಮರದ ಮೇಲೆ ಹಾಯ್ದ ಗಾಳಿ ತಣ್ಣನೆಯ ಕಾಯಿಲ್‌ಗೆ ಬಡಿದು ತನ್ನ ತೇವವನ್ನೆಲ್ಲ ನೀರಾಗಿ ಕಕ್ಕುತ್ತದೆ, ಆಮೇಲೆ ಬಿಸಿ ಕಾಯಿಲ್ ದಾಟಿ ಮತ್ತೆ ಮರದ ಕಡೆಗೆ ಹೋಗುತ್ತದೆ. ಆ ನೀರು ಹಿಂದಿನ ಕೊಳವೆಯಿಂದ ತೊಟ್ಟಿಕ್ಕುತ್ತದೆ. ಕಂಪ್ರೆಸರ್ ಯಾವಾಗ ಓಡಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವುದು ಎರಡು ಬಲ್ಬುಗಳು. ದೀಪದ ಬಲ್ಬಲ್ಲ, ಉಷ್ಣ ಅಳೆಯುವ ಹಿತ್ತಾಳೆಯ ಬೆರಳುಗಳು. ಒಂದು ಒಣ ಬಲ್ಬ್, ಬರಿಮೈ. ಇನ್ನೊಂದು ಒದ್ದೆ ಬಲ್ಬ್, ಅದಕ್ಕೆ ಬಟ್ಟೆ ಸುತ್ತಿ ಬಟ್ಟೆಯ ತುದಿಯನ್ನು ನೀರಿನ ಬಟ್ಟಲಿಗೆ ಇಳಿಬಿಟ್ಟಿರುತ್ತಾರೆ. ಗಾಳಿ ಒಣಗಿದ್ದರೆ ಬಟ್ಟೆಯ ನೀರು ಬೇಗ ಆರಿ ಒದ್ದೆ ಬಲ್ಬ್ ತಣ್ಣಗಾಗುತ್ತದೆ. ಹೊರಗಿನ ಪೆಟ್ಟಿಗೆಯಲ್ಲಿ ಎರಡು ಮುಳ್ಳುಗಳು ದೂರ ದೂರ ನಿಲ್ಲುತ್ತವೆ. ಗಾಳಿ ಒದ್ದೆಯಾದರೆ ಮುಳ್ಳುಗಳು ಹತ್ತಿರ ಬರುತ್ತವೆ, ಕಂಪ್ರೆಸರ್ ಓಡುತ್ತದೆ. "ಗಂಡ ಹೆಂಡ್ತಿ ಇದ್ದಂಗ ನೋಡು ನಂಜುಂಡ್ಯಾ, ಭಾಳ ದೂರಾದ್ರೂ ತ್ರಾಸ, ಅಂಟಿಕೊಂಡು ಕುಂತ್ರೂ ತ್ರಾಸ" ಎಂದಿದ್ದೆ. ನಿನ್ನ ಹೆಂಡತಿ ಗಂಗಕ್ಕನ ಮುಂದೆ ಹೇಳಿದ್ದರೆ ಏನಾಗುತ್ತಿತ್ತೋ.

ವಾರಕ್ಕೊಮ್ಮೆ ಶನಿವಾರ ಸಂಜೆ ನೀನು ಆ ಬಟ್ಟೆ ಬದಲಾಯಿಸುತ್ತಿದ್ದ ಗತ್ತೇ ಗತ್ತು. ಅಂಗಡಿಯ ಬಟ್ಟೆ ನಿನಗೆ ಆಗದು. "ಹೊಸಾದ್ರಾಗ ಗಂಜಿ ಇರತೈತಿ, ನೀರ ಕುಡ್ಯಾಂಗಿಲ್ಲ" ಎಂದು ನಿನ್ನದೇ ಹಳೆಯ ಧೋತರ ಹರಿದು ತರುತ್ತಿದ್ದೆ. ಕಿರುಬೆರಳಗಲದ ಪಟ್ಟಿ, ಒಂದು ಸುತ್ತು, ಎರಡನೆಯ ಸುತ್ತು, ಮೇಲೊಂದು ಗಂಟು. ಬಟ್ಟಲಿಗೂ ಈ ಊರಿನ ಉಪ್ಪುನೀರು ಹಾಕಗೊಡುತ್ತಿರಲಿಲ್ಲ. ಕಿಲ್ನಿನ ಕೊಳವೆಯಿಂದ ತೊಟ್ಟಿಕ್ಕಿದ ನೀರನ್ನೇ ಹಿಡಿದಿಟ್ಟು ಹಾಕುತ್ತಿದ್ದೆ. ನಲ್ಲಿ ಒಣಗಿದ ಬೇಸಗೆಯಲ್ಲಿ ಪಕ್ಕದ ಗುಡಿಸಲಿನ ಹೆಂಗಸರು ಪ್ಲಾಸ್ಟಿಕ್ ಕೊಡ ಹಿಡಿದು ಅದೇ ಕೊಳವೆಯ ಕೆಳಗೆ ಸಾಲು ನಿಲ್ಲುತ್ತಿದ್ದರು. ಮರದ ನೀರು, ಪಾತ್ರೆ ತೊಳೆಯಿರಿ, ಕುಡಿಯಬೇಡಿ ಎಂದು ನೀನು ನಿನ್ನ ಹರುಕು ಮುರುಕು ತಮಿಳಿನಲ್ಲಿ ಕೂಗಿ ಹೇಳುತ್ತಿದ್ದೆ. ಅವರು ನಿನ್ನ ಮಾತಿಗಿಂತ ನಿನ್ನ ತಮಿಳಿಗೇ ಹೆಚ್ಚು ನಗುತ್ತಿದ್ದರು.

ಕೊನೆಯ ಶನಿವಾರವೂ ಬಟ್ಟೆ ಕಟ್ಟಿ, ಕೈ ಒರೆಸಿಕೊಂಡು, "ಸೋಮವಾರ ಸಿಗೂಣು" ಎಂದು ಹೋದೆ. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆಗೆ ಕೂತವನು ಕೂತಲ್ಲೇ ಒರಗಿದೆಯಂತೆ. ಮಣ್ಣಿಗೆ ಕಾರ್ಖಾನೆಯವರೆಲ್ಲ ಬಂದಿದ್ದರು. ನಿನ್ನ ಕೈಕೆಳಗೆ ಕಿಲ್ನಿನಲ್ಲಿ ದುಡಿದ ಮುನುಸಾಮಿ ಮಾತ್ರ ಗುಂಡಿಯ ಅಂಚಿನಿಂದ ಕದಲಲಿಲ್ಲ. ನಿನ್ನನ್ನು ಕೂರಿಸಿ ಮಣ್ಣು ಮಾಡಿದ್ದನ್ನು, ಒಳಗೆ ಬಿಲ್ವಪತ್ರೆಯ ಜೊತೆ ವಿಭೂತಿ ಗಟ್ಟಿಗಳನ್ನು ಇಟ್ಟಿದ್ದನ್ನು ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಇದೇನು, ಇಷ್ಟೊಂದು ವಿಭೂತಿ ಯಾಕೆ ಎಂದು ನನ್ನನ್ನು ಮೆಲ್ಲಗೆ ಕೇಳಿದ. ಇವರಲ್ಲಿ ಸತ್ತವರಿಗೆ ಮಾಡುವ ಮರ್ಯಾದೆ ಇದೇ ಎಂದೆ. ಅವನು ತಲೆಯಾಡಿಸಿದ. ಗಂಗಕ್ಕ ತಮ್ಮನ ಜೊತೆ ಗದಗಿಗೆ ಹೋದರು. ಸೆಂಟ್ರಲ್ ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಬಂದೆ. ಅಲ್ಲಿಗೆ ಈ ಊರಿನಲ್ಲಿ ನಿನ್ನವರು ಎಂದು…

ಮಾತಾಡಲು ನಿನ್ನ ಮನೆಯಲ್ಲಿ ಜನ ಇಲ್ಲವೇ ಎಂದು ನೀನು ಕೇಳಬಹುದು. ಇದ್ದಾರೆ. ನಿನ್ನ ತಂಗಿಯಂತಿದ್ದ ನನ್ನ ಹೆಂಡತಿ ಲಲಿತಾ ಹುಟ್ಟಿ ಬೆಳೆದದ್ದೇ ಇಲ್ಲಿ. ಅವಳ ಕನ್ನಡದಲ್ಲಿ ಅರ್ಧ ತಮಿಳು, ಪಾಪ, ಅದು ಅವಳ ತಪ್ಪಲ್ಲ. ಮಗಳಿಗೆ ನಾನು ಆಡುವುದೆಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ತಮಿಳಿನಲ್ಲೇ. ಒಂದು ಸಂಜೆ ಫ್ಯೂಸ್ ಕಟ್ಟುತ್ತಾ, "ಏನೋ ಬಸವಣ್ಣೆಪ್ಪ, ಇವತ್ತು ಕರೆಂಟ್ ಹೀಗೆ ಕಣ್ಣಾಮುಚ್ಚಾಲೆ ಆಡ್ತಿದೆಯಲ್ಲೋ" ಎಂದು ನನಗೆ ತಿಳಿಯದೆಯೇ ಅಂದೆ. ಮಗಳು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ, "ಯಾರ್‌ಕಿಟ್ಟ ಪೇಸುರೀಂಗ ಅಪ್ಪಾ?" ಎಂದಳು. ಯಾರ ಜೊತೆ ಮಾತಾಡುತ್ತಿದ್ದೀರಿ ಎಂದು. ಯಾರೂ ಇಲ್ಲಮ್ಮ ಎಂದೆ. ನಿಜವೂ ಅದೇ ಆಗಿತ್ತು. ಅದಾದ ಮೇಲೆ ಮಾತು ಬೇಕೆನಿಸಿದಾಗ ಕಿಲ್ನಿನ ಹತ್ತಿರ ಬಂದು ಅದರ ಜೊತೆ ಎರಡು ಮಾತಾಡಿ ಹೋಗುವುದು ರೂಢಿಯಾಯಿತು. ನಿನ್ನಷ್ಟು ಚೆನ್ನಾಗಿ ಬೈಯಲು ನನಗೆ ಬಾರದು. ಬಾಳೆಹಣ್ಣಿನ ನಾಲಿಗೆ.

ನೀನು ಕೈ ಸವರಿ ಕಳಿಸುತ್ತಿದ್ದ ಹಲಗೆಗಳಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ನೀನು ಅಂದು ಊಟ ಬಿಡುತ್ತಿದ್ದೆ. ಈ ವರ್ಷ ಬಂದ ಹಲಗೆ ನೋಡಿದ್ದರೆ ನೀನು ಉಪವಾಸವೇ ಸಾಯುತ್ತಿದ್ದೆ. ನೀನು ಹೋದ ಮೇಲೆ ಕಿಲ್ನ್ ಮುನುಸಾಮಿಯ ಕೈಗೆ ಬಂತು, ಮೊದಮೊದಲು ಎಲ್ಲ ಸರಿಯಿತ್ತು. ಆಮೇಲೆ ತೇಗದ ಅಂಚು ಬಾಯಿ ಬಿಡತೊಡಗಿತು. ಆಮೇಲೆ ನಡುವೆಯೂ. ಬಾಗಿಲಿಗೆಂದು ಒಣಗಿಸಿದ ಒಂದು ಲೋಡು ಪೂರ್ತಿ ಒಡೆದು ಬಂದಾಗ ಚಿಕ್ಕ ಮೊದಲಾಳಿ, ಅಂದರೆ ನಮ್ಮ ಯಜಮಾನರ ಮಗ, ನನ್ನನ್ನು ಕರೆಸಿದ. ಕೆಟ್ಟ ಹುಡುಗನಲ್ಲ, ಕೂಗಾಡಲಿಲ್ಲ. ಮೌಂಟ್ ರೋಡಿನಿಂದ ಒಬ್ಬ ಎ.ಸಿ. ಮೆಕ್ಯಾನಿಕ್ ಬಂದು ಗ್ಯಾಸ್ ತುಂಬಿ ಹೋಗಿದ್ದ, ಏನೂ ಪ್ರಯೋಜನವಾಗಿರಲಿಲ್ಲ. "ಇನ್ನೊಂದು ಲೋಡ್ ನೋಡ್ತೀನಿ. ಅದೂ ಒಡೆದರೆ ಈ ಮೆಷಿನನ್ನು ತೂಕಕ್ಕೆ ಹಾಕಿ ಬಾಯ್ಲರ್ ತರಿಸ್ತೀನಿ" ಎಂದು ತಮಿಳಿನಲ್ಲಿ ಶಾಂತವಾಗಿ ಹೇಳಿದ. ಕೂಗಾಡಿದ್ದರೇ ಚೆನ್ನಾಗಿತ್ತು.

ಯಂತ್ರ ಕೆಟ್ಟರೆ ಮೊದಲು ಕೇಳು, ಆಮೇಲೆ ಮುಟ್ಟು ಎನ್ನುತ್ತಿದ್ದೆಯಲ್ಲ, ಹಾಗೇ ಮಾಡಿದೆ. ಹೊಸ ಲೋಡು ಒಳಗೆ ಹೋಗಿ ಕೆಲವು ದಿನಗಳಾಗಿದ್ದವು. ಕೇಳಿದೆ. ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ. ಬೆಳಿಗ್ಗೆ ಬಂದಾಗ ಓಡುತ್ತಿತ್ತು, ಮಧ್ಯಾಹ್ನ ಊಟಕ್ಕೆ ಕೂತಾಗ ಓಡುತ್ತಿತ್ತು, ಸಂಜೆ ಮನೆಗೆ ಹೊರಟಾಗಲೂ ಓಡುತ್ತಿತ್ತು. ಅದಕ್ಕೆ ಕರೆಂಟು ಕೊಡುವ ಕಾಂಟ್ಯಾಕ್ಟರಿನ ಪಾಯಿಂಟುಗಳು ಅಂಟಿಕೊಂಡಿರಬೇಕು ಎಂದು ಬಿಚ್ಚಿ ಎಮರಿ ಕಾಗದದಲ್ಲಿ ಉಜ್ಜಿದೆ. ಮತ್ತೆ ಹಾಕಿದೆ, ಮತ್ತೆ ಓಡಿತು. ಪೆಟ್ಟಿಗೆಯಿಂದ ಬರುವ ವೈರನ್ನೇ ಕಳಚಿದೆ, ಕೂಡಲೇ ನಿಂತಿತು. ಅಂದರೆ ಕಂಪ್ರೆಸರ್ ನಿರಪರಾಧಿ, ಓಡು ಓಡು ಎಂದು ಪೆಟ್ಟಿಗೆಯೇ ಅದನ್ನು ಅಟ್ಟುತ್ತಿತ್ತು. ಪೆಟ್ಟಿಗೆ ತೆರೆದು ಧೂಳು ಊದಿ, ಆನ್ ಆಫ್ ಮಾಡುವ ರಿಲೇ ಬದಲಾಯಿಸಿದೆ. ಅದೇ ಹಾಡು. ನೀನಿದ್ದಿದ್ದರೆ ಇಷ್ಟು ಹೊತ್ತಿಗೆ ಅದರ ಏಳು ತಲೆಮಾರನ್ನೂ ನೆನೆಸುತ್ತಿದ್ದೆ. ಮನಸ್ಸು ಕುಸಿದು ನಿನ್ನ ಕಲ್ಲಿನ ಮೇಲೆ ಕೂತೆ. ಅಳು ಬಂದಂತಾಯಿತು, ಆದರೆ ಬರಲಿಲ್ಲ. ನೀನು ಹೋದಾಗಲೂ ಬಂದಿರಲಿಲ್ಲ.

ಆ ಕಲ್ಲಿನ ಎದುರಿಗೇ ಕೊಳವೆ ಇದೆಯಲ್ಲ. ಕೂತು ನೋಡುತ್ತಿದ್ದೆ, ನೋಡುತ್ತಲೇ ಇದ್ದೆ. ಒಂದು ಹನಿಯೂ ಬೀಳುತ್ತಿರಲಿಲ್ಲ. ಆಗ ತಲೆಯೊಳಗೆ ಏನೋ ಅಲುಗಿತು. ಪೆಟ್ಟಿಗೆಯ ಮುಳ್ಳುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು, ಅಂದರೆ ಒಳಗೆಲ್ಲ ಒದ್ದೆ ಎನ್ನುತ್ತಿದ್ದವು. ಅಷ್ಟು ಒದ್ದೆಯಿದ್ದರೆ, ಕಂಪ್ರೆಸರ್ ಇಷ್ಟು ಓಡಿದರೆ, ನೀರು ಎಲ್ಲಿ? ಕೊಳವೆ ಸುಳ್ಳು ಹೇಳಲಾರದು, ಅದಕ್ಕೆ ಅಷ್ಟು ಬುದ್ಧಿಯೇ ಇಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವುದು ಬಲ್ಬ್. ಫ್ಯಾನ್ ನಿಲ್ಲಿಸಿ, ಟಾರ್ಚ್ ಹಿಡಿದು, ಬಾಗಿಲು ತೆಗೆದು ಒಳಗೆ ನುಗ್ಗಿದೆ. ಮೇ ತಿಂಗಳ ಮದರಾಸನ್ನು ಕೋಣೆಯೊಳಗೆ ಕೂಡಿಹಾಕಿದ ಹಾಗಿತ್ತು ಸೆಕೆ. ತೇಗದ ಅಂಚಿನಲ್ಲಿ ಸಣ್ಣ ಬಿರುಕುಗಳು ಆಗಲೇ ಕಣ್ಣು ಬಿಟ್ಟಿದ್ದವು.

ಏನು ಕಂಡೆ ಗೊತ್ತೇನೋ? ಬಟ್ಟಲಿನಲ್ಲಿ ನೀರು ತುಂಬಿತ್ತು, ಕೊಳವೆಯದೇ ನೀರು, ತಿಳಿಯಾಗಿ. ಬಟ್ಟೆಯ ತುದಿಯೂ ಅದರೊಳಗೇ ಇತ್ತು. ಆದರೆ ಬಲ್ಬಿಗೆ ಸುತ್ತಿದ ಬಟ್ಟೆ ಬಟ್ಟೆಯಾಗಿ ಉಳಿದಿರಲಿಲ್ಲ. ಬಿಳಿ ಬೂದಿಯ ಪದರದ ಮೇಲೆ ಪದರ, ಬೆರಳಿನಿಂದ ತಟ್ಟಿದರೆ ಟಕಟಕ ಎನ್ನುವಷ್ಟು ಗಟ್ಟಿ. ಅದರ ಮೇಲೆ ನೀಟಾಗಿ ಮೂರು ಪಟ್ಟೆ ವಿಭೂತಿ. ನಡುವೆ ಒಂದು ಕುಂಕುಮದ ಬೊಟ್ಟು. ನೀರು ಕೆಳಗೇ ನಿಂತುಬಿಟ್ಟಿತ್ತು, ಮೇಲೇರಲು ದಾರಿಯೇ ಇರಲಿಲ್ಲ. ಒದ್ದೆ ಬಲ್ಬ್ ಒಣಗಿ ಕೂತಿತ್ತು, ಎರಡು ಮುಳ್ಳೂ ಒಂದೇ ಮಾತು ಹೇಳುತ್ತಿದ್ದವು, ಕಂಪ್ರೆಸರ್ ಆ ಮಾತು ನಂಬಿ ಒಣಗಿದ ಮರವನ್ನೇ ಮತ್ತೆ ಮತ್ತೆ ಒಣಗಿಸುತ್ತಿತ್ತು. ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು. "ಮುನುಸಾಮೀ!" ಎಂದು ಕೂಗಿದ ದನಿಗೆ ಗರಗಸದವರೂ ತಿರುಗಿ ನೋಡಿದರಂತೆ.

ಅವನು ಬಂದು ಬಾಗಿಲಲ್ಲಿ ನಿಂತ. ನಿನಗೆ ಗೊತ್ತಲ್ಲ, ಏನಾದರೂ ಅಂದರೆ ತಕ್ಷಣ ಎದುರುತ್ತರ ಕೊಡುವ ಆಸಾಮಿ. "ಏನಯ್ಯಾ ಇದು? ಬಟ್ಟೆ ಬದಲಾಯಿಸಿ ಎಷ್ಟು ಕಾಲ ಆಯ್ತು?" ಎಂದೆ. ನೆಲ ನೋಡಿದ. "ಅಯ್ಯಾ ಕಟ್ಟಿನದು ಸಾರ್. ನಾನ್ ಎಪ್ಪಡಿ ಅವುಪ್ಪೇನ್?" ಎಂದ. ಅಯ್ಯ ಕಟ್ಟಿದ್ದು, ನಾನು ಹೇಗೆ ಬಿಚ್ಚಲಿ ಎಂದು. ನೀನು ಕೊನೆಯ ಶನಿವಾರ ಕಟ್ಟಿದ ಬಟ್ಟೆಯೇ ಅದು, ಬಸವಣ್ಣೆಪ್ಪಾ. ನಿನ್ನ ಗಂಟು, ನಿನ್ನ ಧೋತರ. ಪ್ರತಿ ಶುಕ್ರವಾರ ಮುನುಸಾಮಿ ಹೊರಗೆ ಗೋಡೆಗೆ ತೂಗುಹಾಕಿದ್ದ ನಿನ್ನ ಪಟಕ್ಕೆ ಹೂವಿಟ್ಟು ಕರ್ಪೂರ ಹಚ್ಚಿ, ಆಮೇಲೆ ಒಳಗೆ ಬಂದು ಆ ಬಟ್ಟೆಗೆ ವಿಭೂತಿ ಹಚ್ಚುತ್ತಿದ್ದ. ಅವರಲ್ಲಿ ಸತ್ತವರಿಗೆ ಮರ್ಯಾದೆ ಇದೇ ಎಂದು ನೀವೇ ಹೇಳಿದ್ದಿರಲ್ಲ ಸಾರ್ ಎಂದ. ಪಟಕ್ಕೆ ಹಚ್ಚಿದರೆ ಸಾಲದಿತ್ತೇ ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು: ಪಟ ಅಂಗಡಿಯವನು ಮಾಡಿದ್ದು, ಇದು ಅವರ ಕೈಯದು. ಈ ಮಾತಿಗೆ ನಾನು ಏನು ಬೈಯಲಿ, ನೀನೇ ಹೇಳು?

ನೀನು ಕಟ್ಟುವಾಗ ನಾನು ಎಷ್ಟೋ ಸಲ ಟಾರ್ಚ್ ಹಿಡಿದು ನಿಂತಿದ್ದೆ. ಅಂದು ಮುನುಸಾಮಿ ಟಾರ್ಚ್ ಹಿಡಿದ, ಬಿಚ್ಚಬೇಕಾದವನು ನಾನು. ಬ್ಲೇಡ್ ಕೊಟ್ಟ. ಬೇಡ ಎಂದೆ. ಕತ್ತರಿಸಲು ಮನಸ್ಸಾಗಲಿಲ್ಲ. ಬೂದಿಯನ್ನು ಉಗುರಿನಿಂದ ಕೆರೆದು ಕೆರೆದು ಗಂಟು ಹುಡುಕಿದೆ. ಬೆವರು ಕಣ್ಣಿಗಿಳಿಯುತ್ತಿತ್ತು. ಈ ಗಂಟು ಬಿಚ್ಚಿದರೆ ಈ ಊರಿನಲ್ಲಿ ನಿನ್ನ ಕೈ ಮಾಡಿದ್ದು ಎನ್ನುವಂಥದು ಏನೂ ಉಳಿಯುವುದಿಲ್ಲ. ಬಿಚ್ಚದಿದ್ದರೆ ಈ ಯಂತ್ರವೇ ಉಳಿಯುವುದಿಲ್ಲ, ತೂಕಕ್ಕೆ ಹೋಗುತ್ತದೆ. ಆಮೇಲೆ ನಾನು ಮಾತಾಡಲು ಹೋಗುವುದೆಲ್ಲಿಗೆ? ಎರಡೂ ನಿನ್ನದೇ. ಯಾವುದನ್ನು ಇಟ್ಟುಕೊಳ್ಳಲಿ ಎಂದು ನಿನ್ನನ್ನೇ ಕೇಳಿದೆ, ಬಾಯಿ ಬಿಟ್ಟೇ ಕೇಳಿದೆ. ಮುನುಸಾಮಿಗೆ ಅರ್ಥವಾಗಿರಲಿಕ್ಕಿಲ್ಲ. ಅವನು ಮುಖ ಆಚೆ ತಿರುಗಿಸಿದ.

ಬಿಚ್ಚಿದೆ. ಬಲ್ಬನ್ನು ಉಜ್ಜಿ ಹೊಳೆಯಿಸಿದೆ. ನಿನ್ನ ಧೋತರದ ಒಂದು ಚೂರೂ ಉಳಿದಿರಲಿಲ್ಲ, ಗಂಗಕ್ಕ ಎಲ್ಲವನ್ನೂ ಯಾರಿಗೋ ಕೊಟ್ಟು ಹೋಗಿದ್ದರು. ಸೈಕಲ್ ಏರಿ ಮನೆಗೆ ಹೋಗಿ ನನ್ನದೇ ಒಂದು ಹಳೆಯ ಪಂಚೆ ತಂದೆ. ಲಲಿತಾ ಚೆನ್ನಾಗಿರೋ ಪಂಚೆ ಯಾಕೆ ಹರಿಯುತ್ತೀರಿ ಎಂದು ತಮಿಳು ಕನ್ನಡ ಎರಡರಲ್ಲೂ ಕೇಳಿದಳು. ಕಿರುಬೆರಳಗಲದ ಪಟ್ಟಿ, ಒಂದು ಸುತ್ತು, ಎರಡನೆಯ ಸುತ್ತು. ನನ್ನ ಗಂಟು ನಿನ್ನದರಷ್ಟು ಅಂದವಾಗಿ ಬರಲಿಲ್ಲ. ಬಟ್ಟೆ ನೀರು ಕುಡಿಯಿತು, ತುದಿಯಿಂದ ಮೇಲೆ ಮೇಲೆ ಬೂದುಬಣ್ಣ ಏರುತ್ತಾ ಹೋಯಿತು. ಬಾಗಿಲು ಮುಚ್ಚಿ ಫ್ಯಾನ್ ಹಾಕಿ ಇಬ್ಬರೂ ಪೆಟ್ಟಿಗೆಯ ಮುಂದೆ ನಿಂತೆವು. ಒದ್ದೆ ಬಲ್ಬಿನ ಮುಳ್ಳು ಸ್ವಲ್ಪ ಅಲುಗಿತು, ಇಳಿಯಿತು, ಇನ್ನೂ ಇಳಿಯಿತು. ಟಕ್ ಎಂದಿತು ರಿಲೇ. ಕಂಪ್ರೆಸರ್ ನಿಂತಿತು.

ಆ ನಿಶ್ಶಬ್ದ ಎಂಥದಿತ್ತು ಎಂದು ಹೇಗೆ ಹೇಳಲಿ? ಇಂಥ ಹೊತ್ತಿಗೆ ನೀನು "ಹಾಂ, ಈಗ ಬಂತ ನೋಡು ದಾರಿಗೆ" ಎನ್ನಬೇಕಿತ್ತು. ನಾನು ಕಾದೆ. ನಿಜವಾಗಿ ಕಾದೆ ಕಣೋ. ಆಗ ಅಳು ಬಂತು. ಗೋಡೆಗೆ ಒರಗಿ, ಇಷ್ಟು ವಯಸ್ಸಾದವನು, ಮಗುವಿನ ಹಾಗೆ ಅತ್ತೆ. ನೀನು ಹೋದದ್ದು ನನಗೆ ಗೊತ್ತಾಗಿದ್ದು ಅಂದು. ಮುನುಸಾಮಿ ಆ ಹಳೆಯ ಬಟ್ಟೆಯನ್ನು ವೀಳ್ಯದೆಲೆಯಲ್ಲಿ ಸುತ್ತಿ ತಿರುವೊತ್ತಿಯೂರಿನ ಕಡಲಿಗೆ ಬಿಟ್ಟು ಬಂದ. ಮಣ್ಣು ಸೇರಿದವನಿಗೆ ಸಮುದ್ರ ಯಾಕೋ ಎನ್ನಬೇಕೆನಿಸಿತು, ಎನ್ನಲಿಲ್ಲ. ಅವನ ಮರ್ಯಾದೆಯೂ ಇರಲಿ.

ಲೋಡು ಹೊರಗೆ ಬಂದ ದಿನ ನೀನು ಇರಬೇಕಿತ್ತು. ಮೊದಲೇ ಬಿರುಕು ಬಿಟ್ಟಿದ್ದ ನಾಲ್ಕಾರು ಹಲಗೆ ಬಿಟ್ಟರೆ ಉಳಿದದ್ದೆಲ್ಲ ನೀನು ಕಳಿಸುತ್ತಿದ್ದಂಥದೇ ತೇಗ, ತಟ್ಟಿದರೆ ಗಂಟೆಯ ಹಾಗೆ ನುಡಿಯುತ್ತಿತ್ತು. ಚಿಕ್ಕ ಮೊದಲಾಳಿ ಒಂದೊಂದರ ಮೇಲೂ ಕೈ ಸವರಿದ, ಏನು ದೋಷವಿತ್ತು ಎಂದು ಕೇಳಿದ. ಬಟ್ಟೆ ಹಳೆಯದಾಗಿತ್ತು ಎಂದೆ. ಅಷ್ಟೇನಾ ಎಂದ. ಅಷ್ಟೇ ಎಂದೆ. ಬಾಯ್ಲರಿನ ಮಾತು ನಿಂತಿದೆ. ನಿನ್ನ ಕಿಲ್ನ್ ಇದೆ, ಓಡುತ್ತಿದೆ, ನಿಲ್ಲುತ್ತಿದೆ. ಇದೇ ನಾನು ಹೇಳಬೇಕಿದ್ದ ಸುದ್ದಿ.

ಈಗ ಶನಿವಾರ ಸಂಜೆ ಬಟ್ಟೆ ಬದಲಾಯಿಸುವ ಕೆಲಸ ನನ್ನದು, ಟಾರ್ಚ್ ಹಿಡಿಯುವುದು ಮುನುಸಾಮಿ. ಕಳೆದ ವಾರ ಗಂಟು ಹಾಕುತ್ತಾ ಅವನಿಗೆ ಹೇಳಿದೆ: "ನೋಡಪ್ಪಾ, ನಾಳೆ ನಾನೂ ಹೋದರೆ ಮಾರನೆಯ ದಿನ ಬೆಳಿಗ್ಗೆ ಬಂದು ಮೊದಲು ಈ ಗಂಟು ಬಿಚ್ಚಿ ಬಿಸಾಕು. ಪೂಜೆ ಗೀಜೆ ಎಲ್ಲ ಆಮೇಲೆ. ಮಾತು ಕೊಡು." ಅವನು ಟಾರ್ಚನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಸರಿ ಸಾರ್ ಎಂದ. ನನ್ನ ಮುಖ ಮಾತ್ರ ನೋಡಲಿಲ್ಲ.

ನಿನ್ನ
ನಂಜುಂಡ